ಶಬ್ದದ ಕಾಲಂ

ಭರ್ತಿ ಸಾಹೇಬರಿಗೆ ಆ ಹೆಸರು ಅಪ್ಪ ಅಮ್ಮ ಇಟ್ಟದ್ದಲ್ಲ. ನೀರು ಸರಬರಾಜು ಕಚೇರಿಯ ಮೂರನೇ ನಂಬರಿನ ಕಿಟಕಿಯ ಹಿಂದೆ ಇಪ್ಪತ್ತೆರಡು ವರ್ಷ ಕೂತು, ಹೊಸ ನಲ್ಲಿಗೆ ಅರ್ಜಿ ತಂದವರನ್ನೆಲ್ಲ "ಎಲ್ಲಾ ಕಾಲಂ ಭರ್ತಿ ಮಾಡ್ಕೊಂಡು ಬನ್ನಿ" ಎಂದು ವಾಪಸ್ಸು ಕಳಿಸಿ ಕಳಿಸಿ ಸಂಪಾದಿಸಿದ ಬಿರುದು ಅದು. ಖಾಲಿ ಕಾಲಂ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಮದುವೆಯಾಗದವರೊಬ್ಬರು 'ಪತಿ ಅಥವಾ ಪತ್ನಿಯ ಹೆಸರು' ಎಂಬಲ್ಲಿ ಏನೂ ಬರೆಯದೆ ತಂದಾಗ ಮೂರು ಸಲ ವಾಪಸ್ಸು ಕಳಿಸಿದ್ದರು. ನಾಲ್ಕನೇ ಸಲ ಆ ಮನುಷ್ಯ ರೋಸಿಹೋಗಿ 'ಹುಡುಕುತ್ತಿದ್ದೇವೆ' ಎಂದು ಬರೆದು ತಂದ. ಸಾಹೇಬರು ಸಂತೋಷದಿಂದ ಸೀಲು ಒತ್ತಿದರು.

ಇಂಥವರು ತಮ್ಮ ಐವತ್ತನೇ ವಯಸ್ಸಿನಲ್ಲಿ ಒಂದು ಹೊಸ ಹೈಬ್ರಿಡ್ ಎಸ್‌ಯುವಿ ಕೊಂಡರು. ಮನೆಯಲ್ಲಿ ಹೇಳಿದ ಕಾರಣ, ಹಳೇ ಕಾರಿನ ಹಿಂದಿನ ಸೀಟಿನಲ್ಲಿ ಮಾವನವರ ಮೊಣಕಾಲು ಹಿಡಿಸುವುದಿಲ್ಲ ಎಂಬುದು. ನಿಜವಾದ ಕಾರಣ, ಎರಡನೇ ಕಿಟಕಿಯವರು ದೊಡ್ಡ ಗಾಡಿ ಕೊಂಡಿದ್ದರು ಮತ್ತು ಅದು ಹೈಬ್ರಿಡ್ ಆಗಿರಲಿಲ್ಲ. ಹೈಬ್ರಿಡ್ ಅಂದರೆ ಏನು ಎಂದು ಕಚೇರಿಯಲ್ಲಿ ಯಾರಾದರೂ ಕೇಳಿದರೆ ಸಾಹೇಬರು ಅರ್ಧ ಪೆಟ್ರೋಲು, ಅರ್ಧ ಕರೆಂಟು ಎನ್ನುತ್ತಿದ್ದರು. ಯಾವಾಗ ಪೆಟ್ರೋಲು, ಯಾವಾಗ ಕರೆಂಟು ಎಂದು ಕೇಳಿದರೆ, ಅದು ಅದಕ್ಕೇ ಗೊತ್ತಿರುತ್ತೆ ಎಂದು ಗಂಭೀರವಾಗಿ ಹೇಳಿ ಕನ್ನಡಕ ಸರಿಮಾಡಿಕೊಳ್ಳುತ್ತಿದ್ದರು. ಈ ವಿಷಯದಲ್ಲಿ ಅವರು ಹೇಳಿದ ಮಾತುಗಳಲ್ಲಿ ಪೂರ್ತಿ ಸತ್ಯವಾದದ್ದು ಅದೊಂದೇ.

ಶೋರೂಮಿನವನು ಗಾಡಿ ಒಪ್ಪಿಸುವ ದಿನ ನಲವತ್ತು ನಿಮಿಷ ಎಲ್ಲವನ್ನೂ ವಿವರಿಸಿದ. ಬ್ಯಾಟರಿ ಹೇಗೆ, ಮೋಟಾರು ಹೇಗೆ, ಎಂಜಿನ್ ತಾನಾಗಿ ಹೊತ್ತಿಕೊಳ್ಳುವುದು ಯಾವಾಗ, ಆರುವುದು ಯಾವಾಗ. ಆದರೆ ಅಷ್ಟೂ ಹೊತ್ತು ಸಾಹೇಬರು ಡೆಲಿವರಿ ಚೀಟಿಯ ಹನ್ನೊಂದನೇ ಕಾಲಮ್ಮಿನಲ್ಲಿ ಸ್ಟೆಪ್ನಿ ಟೈರಿನ ನಂಬರು ಬರೆದಿಲ್ಲವಲ್ಲ ಎಂಬ ಚಿಂತೆಯಲ್ಲಿದ್ದರು. ಹೊರಡುವಾಗ ಅವನು ಇನ್ನೊಂದು ಫಾರಂ ಕೈಗಿಟ್ಟ. 'ಮಾಲೀಕರ ಅನಿಸಿಕೆ'. ಹತ್ತು ದಿನದೊಳಗೆ ತುಂಬಿ ಕೊಡಬೇಕು. ಸೀಟು, ಬೆಳಕು, ಬ್ರೇಕು, ತಿರುವು, ಹೀಗೆ ಹದಿನಾಲ್ಕು ಕಾಲಂ. ಸಾಹೇಬರ ಮುಖ ಅರಳಿದ್ದು ಗಾಡಿಯ ಕೀಲಿ ಕೈಗೆ ಬಂದಾಗಲೋ ಈ ಫಾರಂ ಬಂದಾಗಲೋ ಎಂದು ಪಕ್ಕದಲ್ಲೇ ನಿಂತಿದ್ದ ಅವರ ಹೆಂಡತಿಗೂ ತಿಳಿಯಲಿಲ್ಲ. ಒಂಬತ್ತನೇ ಕಾಲಂ ಒಂದನ್ನು ಮಾತ್ರ ಅವರು ಬೇಕೆಂದೇ ಬಾಕಿ ಉಳಿಸಿಕೊಂಡರು. ಅದು 'ಶಬ್ದ'. ಮನೆಯಲ್ಲಿ ಮಾವನವರು ಇರುವಾಗ ಶಬ್ದದ ವಿಷಯದಲ್ಲಿ ತಾವು ಪೆನ್ನು ಎತ್ತುವುದು ಅಧಿಕಪ್ರಸಂಗ ಎಂದು ಅವರ ನಂಬಿಕೆ.

ನಂಬಿಕೆ ಸರಿಯಾದದ್ದೇ. ಮಾವನವರನ್ನು ಊರೆಲ್ಲ ಕರೆಯುತ್ತಿದ್ದುದು ಕಿವಿ ಮೇಸ್ತ್ರಿ ಎಂದು. ನಲವತ್ತು ವರ್ಷ ಗ್ಯಾರೇಜು ನಡೆಸಿದವರು. ಮೊಳದುದ್ದದ ಒಂದು ಸ್ಕ್ರೂಡ್ರೈವರು, ಮರದ ಹಿಡಿ ಸವೆದು ನುಣುಪಾದದ್ದು. ಅದರ ತುದಿಯನ್ನು ಓಡುವ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟು, ಕಣ್ಣು ಮುಚ್ಚಿ ಎರಡು ನಿಮಿಷ ನಿಂತರೆಂದರೆ ಯಾವ ಬೇರಿಂಗು, ಯಾವ ವಾಲ್ವು ಎಂದು ಬಿಚ್ಚದೆಯೇ ಹೇಳುತ್ತಿದ್ದರು. ಈಗ ಗ್ಯಾರೇಜು ಶಿಷ್ಯನ ಪಾಲಾಗಿದೆ. ಆದರೂ ದಿನಾ ಹತ್ತು ಗಂಟೆಗೆ ಸ್ಕ್ರೂಡ್ರೈವರು ಹಿಡಿದು ಹೋಗಿ ಅಲ್ಲಿ ಬೋರಲು ಹಾಕಿದ ಡ್ರಮ್ಮಿನ ಮೇಲೆ ಕೂರುತ್ತಿದ್ದರು. ಸದ್ದಿನ ವಿಷಯದಲ್ಲಿ ಕೊನೆಯ ತೀರ್ಪು ಆ ಡ್ರಮ್ಮಿನ ಮೇಲಿನಿಂದಲೇ ಬರಬೇಕು.

ಸಾಹೇಬರು ಹೊಸ ಗಾಡಿಯನ್ನು ಮನುಷ್ಯ ನಡೆಯುವ ವೇಗದಲ್ಲಿ ತಂದು ಗೇಟಿನ ಮುಂದೆ ನಿಲ್ಲಿಸಿದರು. ಸ್ಟೀರಿಂಗಿನ ಹಿಂದೆ, ಗಾಡಿ ಚಾಲೂ ಇದೆ ಎಂದು ತೋರಿಸುವ ಹಸಿರು ದೀಪ ಹೊತ್ತಿಕೊಂಡೇ ಇತ್ತು. ಎಂಜಿನ್ ಓಡುತ್ತಿರಲಿ, ಮಾವನವರು ಕೇಳಲಿ ಎಂದು ಹಾಗೇ ಇಳಿದರು. ಬಾನೆಟ್ ತೆಗೆಯುವ ಕೊಂಡಿ ಹುಡುಕುವುದಕ್ಕೆ ಹತ್ತು ನಿಮಿಷ ಹಿಡಿಯಿತು. ಆ ಹುಡುಕಾಟದಲ್ಲಿ ವೈಪರು ಎರಡು ಸಲ ನೀರು ಚಿಮ್ಮಿಸಿತು, ಡಿಕ್ಕಿ ಒಂದು ಸಲ ತೆರೆದುಕೊಂಡಿತು. ಅಷ್ಟರಲ್ಲಿ ಮಹಡಿ ಮನೆಯ ನಿವೃತ್ತ ಸ್ಟೇಷನ್ ಮಾಸ್ತರರೂ ಕೆಳಗಿಳಿದು ಬಂದಿದ್ದರು. ಮಾವನವರು ಒಗೆದ ಅಂಗಿ ಹಾಕಿಕೊಂಡು, ಸ್ಕ್ರೂಡ್ರೈವರು ಒರೆಸಿಕೊಂಡು ಬಂದು, ತುದಿಯನ್ನು ಎಂಜಿನ್ನಿಗೆ ಒತ್ತಿ ಕಣ್ಣು ಮುಚ್ಚಿದರು.

ಆಗ ಎಂಜಿನ್ ಓಡುತ್ತಲೇ ಇರಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಬ್ಯಾಟರಿ ತುಂಬಿದ್ದರಿಂದ ಶೋರೂಮಿನಿಂದ ಮನೆಯವರೆಗೆ ಅದು ಒಂದು ಸಲವೂ ಎದ್ದಿರಲಿಲ್ಲ. ಓದುವವರಿಗಾದರೂ ಇದು ಗೊತ್ತಿರಲಿ, ಅಲ್ಲಿ ನಿಂತ ನಾಲ್ವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಎರಡು ನಿಮಿಷ ಆಯಿತು, ನಾಲ್ಕು ನಿಮಿಷ ಆಯಿತು. ಮಾವನವರು ಸ್ಕ್ರೂಡ್ರೈವರನ್ನು ಎಡಗಿವಿಗೆ ಬದಲಾಯಿಸಿದರು. ಮತ್ತೆ ಬಲಗಿವಿಗೆ ತಂದರು. ಹಣೆಯ ಮೇಲೆ ಬೆವರು ಕಾಣಿಸಿಕೊಂಡಿತು. ಅಳಿಯ ಪೆನ್ನು ತೆರೆದು ಫಾರಂ ಹಿಡಿದು ಕಾಯುತ್ತಿದ್ದರು. ಕೊನೆಗೆ ಮಾವನವರು ಕಣ್ಣು ತೆರೆದು, ಯಾರ ಮುಖವನ್ನೂ ನೋಡದೆ, "ಟ್ಯಾಪೆಟ್ಟು ಸ್ವಲ್ಪ ಸದ್ದು ಮಾಡ್ತಿದೆ" ಎಂದರು.

ಟ್ಯಾಪೆಟ್ಟು ಎಂಜಿನ್ನಿನ ಒಳಗಿನ ಒಂದು ಸಣ್ಣ ಭಾಗ. ಸಡಿಲವಾದರೆ ಟಿಕ್ ಟಿಕ್ ಎನ್ನುತ್ತದೆ. ಯಾವ ಗಾಡಿಯ ಮುಂದೆ ನಿಂತು ಹೇಳಿದರೂ ತಪ್ಪಾಗದಂಥ ಮಾತು ಅದು. ಕಿವಿ ಮೇಸ್ತ್ರಿಗಳು ತಮ್ಮ ಜನ್ಮದಲ್ಲಿ ಅಂಥ ಮಾತಿನ ಹಿಂದೆ ಅಡಗಿಕೊಂಡದ್ದು ಅದೇ ಮೊದಲು.

ಸಾಹೇಬರು ಕೂಡಲೇ ಬಗ್ಗಿ ಕಿವಿಗೊಟ್ಟರು. ಅರ್ಧ ನಿಮಿಷದಲ್ಲಿ ಅವರಿಗೂ ಕೇಳಿಸಿತು. ಸಣ್ಣಗೆ, ಆದರೆ ಸ್ಪಷ್ಟವಾಗಿ, ಟಿಕ್ ಟಿಕ್. ಸ್ಟೇಷನ್ ಮಾಸ್ತರರು ಬಗ್ಗಿದರು. ಮೂವತ್ತೈದು ವರ್ಷ ರೈಲಿನ ಗಾಲಿ ಕೇಳಿದ ಕಿವಿ ತಮ್ಮದು, ಇದು ಟಿಕ್ ಟಿಕ್ ಅಲ್ಲವೇ ಅಲ್ಲ, ಟಕ ಟಕ ಎಂದರು. ಇಬ್ಬರಿಗೂ ಸ್ವಲ್ಪ ವಾಗ್ವಾದವಾಯಿತು. ತೀರ್ಮಾನ ಹೇಳುವ ಸರದಿ ಹೆಂಡತಿಗೆ ಬಂತು. ಅವರು ಸ್ಕೂಲು ಟೀಚರು, ಅಪ್ಪನ ಕಿವಿಯ ಮೇಲೆ ಅಪಾರ ಗೌರವ ಇದ್ದವರು. ಒಂದು ಕ್ಷಣ ತಲೆ ಓರೆಮಾಡಿ ನಿಂತು, ಎರಡೂ ಇದೆ, ಮೊದಲು ಟಿಕ್, ಆಮೇಲೆ ಟಕ ಎಂದು ಇಬ್ಬರಿಗೂ ಸಮಾನವಾಗಿ ಅಂಕ ಹಂಚಿದರು. ಒಂಬತ್ತನೇ ಕಾಲಮ್ಮಿನಲ್ಲಿ ಸಾಹೇಬರು ದುಂಡಗೆ ಬರೆದರು: 'ಟ್ಯಾಪೆಟ್ ಶಬ್ದವಿದೆ. ಟಿಕ್ ಟಿಕ್ (ಕೆಲವರ ಪ್ರಕಾರ ಟಕ ಟಕ).'

ಮಾವನವರು ಮಾತ್ರ ಅಲ್ಲಿ ನಿಲ್ಲಲಿಲ್ಲ. ಇವರೆಲ್ಲರಿಗೂ ಕೇಳಿಸುತ್ತಿದೆ, ತನಗೊಬ್ಬನಿಗೆ ಇಲ್ಲ ಎಂದುಕೊಂಡು ಒಳಗೆ ಹೋಗಿ ಮಂಚದ ಮೇಲೆ ಕೂತರು.

ಮರುದಿನದಿಂದ ಸಾಹೇಬರು ಗಾಡಿಯಲ್ಲಿ ಕಚೇರಿಗೆ ಹೊರಟರು. ಎರಡು ಮೈಲಿ ದಾರಿ, ಸೈಕಲ್ಲಿನವರು ಪಕ್ಕದಲ್ಲಿ ದಾಟಿಕೊಂಡು ಹೋಗುವಷ್ಟು ವೇಗ. ಗಾಜು ಏರಿಸಿ, ರೇಡಿಯೋ ಹಾಕಿ ಹೋಗುತ್ತಿದ್ದರು. ಎಲ್ಲಾದರೂ ಏರಿನಲ್ಲಿ ಮುಂದಿನಿಂದ ಗುರ್ರ್ ಎಂದು ಕೇಳಿಸಿದರೆ ಅದು ಏಸಿ ಎಂದುಕೊಂಡು ಕೂಡಲೇ ಏಸಿ ಆರಿಸುತ್ತಿದ್ದರು. ಎರಡನೇ ಕಿಟಕಿಯವರನ್ನು ಒಮ್ಮೆ ಕೂರಿಸಿಕೊಂಡರು. ನಿಮ್ಮ ಗಾಡಿ ಇಷ್ಟು ನಿಶ್ಶಬ್ದವೇ ಎಂದು ಅವರು ಹೊಟ್ಟೆಕಿಚ್ಚಿನಿಂದಲೇ ಹೊಗಳಿದಾಗ ಸಾಹೇಬರು ತಲೆಯಾಡಿಸಿ, ಹಾಗೆ ಅನ್ನಬೇಡಿ, ಟ್ಯಾಪೆಟ್ಟಿನ ಸದ್ದಿದೆ, ಅದನ್ನು ಹಿಡಿಯುವುದಕ್ಕೆ ಕಿವಿ ಬೇಕು ಎಂದರು. ಎರಡನೇ ಕಿಟಕಿಯವರು ಆ ಸದ್ದನ್ನು ಕೂತಲ್ಲೇ ಹಿಡಿದರು.

ಮನೆಯಲ್ಲಿ ಬೇರೆಯೇ ಆಗುತ್ತಿತ್ತು. ಮಾವನವರು ಗ್ಯಾರೇಜಿಗೆ ಹೋಗುವುದನ್ನು ಬಿಟ್ಟಿದ್ದರು. ಮೊದಲ ದಿನ ಮಂಡಿನೋವು ಎಂದರು, ಎರಡನೇ ದಿನ ಬಿಸಿಲು ಎಂದರು, ಮೂರನೇ ದಿನ ಕಾರಣವನ್ನೇ ಹೇಳಲಿಲ್ಲ. ಗೋಡೆ ಗಡಿಯಾರದ ಕೆಳಗೆ ಹೋಗಿ ನಿಂತು, ಒಂದು ಕಿವಿ ಮುಚ್ಚಿ, ಆಮೇಲೆ ಇನ್ನೊಂದು ಮುಚ್ಚಿ ನೋಡುತ್ತಿದ್ದರು. ಐದನೇ ದಿನ ಹೆಂಡತಿ ಅಡುಗೆಮನೆ ಬಾಗಿಲಲ್ಲಿ ಸಾಹೇಬರನ್ನು ತಡೆದು ನಿಲ್ಲಿಸಿದರು.

"ರೀ, ಅಪ್ಪ ಸ್ಕ್ರೂಡ್ರೈವರನ್ನ ಶಿಷ್ಯನಿಗೆ ಕೊಟ್ಟು ಕಳ್ಸಿದ್ದಾರೆ. ಇನ್ನು ನನಗೇನಕ್ಕೆ ಅದು ಅಂದ್ರಂತೆ." ಅಪ್ಪನ ಮಂಚದ ಕಡೆ ಒಂದು ಸಲ ನೋಡಿ ದನಿ ತಗ್ಗಿಸಿದರು. "ಅಮ್ಮ ಹೋದಾಗಲೂ ಹತ್ತನೇ ದಿನಕ್ಕೆ ಅದನ್ನ ಹಿಡ್ಕೊಂಡು ಗ್ಯಾರೇಜಿಗೆ ಹೋಗಿದ್ದವರು ಕಣ್ರೀ ಅವರು."

ಮಾವನವರೆಂದರೆ ಸಾಹೇಬರಿಗೆ ನಿಜವಾಗಿ ಪ್ರೀತಿ. ಆದರೆ ಅವರ ತಲೆಯಲ್ಲಿ ಎಲ್ಲ ವಿಷಯವೂ ಒಂದು ಅರ್ಜಿಯ ರೂಪದಲ್ಲೇ ಮೂಡುವುದರಿಂದ, ಅರ್ಥ ಆದದ್ದು ಹೀಗೆ: ಮಾವನವರು ಟ್ಯಾಪೆಟ್ ಎಂದು ಹೇಳಿ ಐದು ದಿನವಾಯಿತು, ತಾನು ಇನ್ನೂ ಕ್ರಮ ಕೈಗೊಂಡಿಲ್ಲ, ಹೇಳಿದ ಮಾತಿಗೆ ಬೆಲೆ ಕೊಡಲಿಲ್ಲವೆಂದು ಅವರಿಗೆ ಬೇಸರವಾಗಿದೆ. ಆ ಕ್ಷಣವೇ ಕಚೇರಿಗೆ ರಜೆ ಹೇಳಿ, ಫಾರಂ ಎತ್ತಿಕೊಂಡು ಸರ್ವಿಸ್ ಸೆಂಟರಿಗೆ ಹೊರಟರು.

ಅಲ್ಲಿ ನೀಲಿ ಸಮವಸ್ತ್ರದ ಒಬ್ಬ ಎಂಜಿನಿಯರಮ್ಮ ಇದ್ದರು. ಸದ್ದು ಯಾವಾಗ ಬರುತ್ತದೆ ಎಂದು ಕೇಳಿದರು. ನಿಂತಾಗ ಎಂದರು ಸಾಹೇಬರು. ಯಾರು ಕೇಳಿಸಿಕೊಂಡಿದ್ದಾರೆ ಎಂದರು. ಸಾಹೇಬರು ಬೆರಳು ಮಡಿಸುತ್ತಾ ಐದು ಜನರನ್ನು ಹೇಳಿದರು, ಅದರಲ್ಲಿ ಒಬ್ಬರು ರೈಲ್ವೆಯವರು ಎಂಬುದನ್ನು ಒತ್ತಿ ಹೇಳಿದರು. ಆಕೆ ಬಾನೆಟ್ ಎತ್ತಿ ಕಿವಿಗೊಟ್ಟರು.

"ಸರ್, ಎಂಜಿನ್ ಆನ್ ಆಗೇ ಇಲ್ಲ."

"ಹಸಿರು ದೀಪ ಇದೆಯಲ್ಲಮ್ಮ. ಟಿಕ್ ಟಿಕ್ ಅಂತಲೂ ಕೇಳಿಸ್ತಿದೆ, ಸರಿಯಾಗಿ ಕೇಳಿ."

ಆಕೆ ಸರಿಯಾಗಿ ಕೇಳಿದರು. ನಿಜ, ಕೇಳಿಸುತ್ತಿತ್ತು. ಒಳಗೆ ಕೈಹಾಕಿ, ಸೆಂಟರಿನೊಳಗೆ ತಿರುಗುವಾಗ ಸಾಹೇಬರು ಹಾಕಿ ಮರೆತಿದ್ದ ಎಡಗಡೆ ಇಂಡಿಕೇಟರು ಆರಿಸಿದರು. ಟಿಕ್ ಟಿಕ್ ನಿಂತುಹೋಯಿತು.

ಆಮೇಲೆ ಆಕೆ ಸಾಹೇಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಂಗಳದಲ್ಲಿ ಒಂದು ಸುತ್ತು ಜೋರಾಗಿ ಹೊಡೆದರು. ಮುಂದಿನಿಂದ ಗುರ್ರ್ ಎಂದಿತು. ಸಾಹೇಬರು ಅಭ್ಯಾಸಬಲದಿಂದ ಏಸಿ ಗುಂಡಿಗೆ ಕೈಹಾಕಿದರು.

"ಅದು ಏಸಿ ಅಲ್ಲ ಸರ್. ಅದೇ ಎಂಜಿನ್."

ಸಾಹೇಬರು ಕೈ ಹಿಂದಕ್ಕೆ ತೆಗೆದುಕೊಂಡರು. ಹಾಗಾದರೆ ಶೋರೂಮಿನಿಂದ ತಂದು ಗೇಟಿನ ಮುಂದೆ ನಿಲ್ಲಿಸಿದಾಗ ಏನಾಗಿತ್ತು ಎಂದು ಕೇಳಿದರು. ಗಾಡಿ ನಿಂತಿರುವಾಗ ಬ್ಯಾಟರಿ ಇಳಿದರೆ ಮಾತ್ರ ಎಂಜಿನ್ ತಾನಾಗಿ ಏಳುತ್ತದೆ, ಬ್ಯಾಟರಿ ತುಂಬಿತ್ತಲ್ಲ, ಎಂಜಿನ್ ಸುಮ್ಮನೆ ಇತ್ತು ಎಂದರು ಆಕೆ. "ಕಿವಿ ತಂದು ಅದಕ್ಕೇ ಅಂಟಿಸಿದ್ರೂ ಏನೂ ಕೇಳ್ಸಲ್ಲ ಸರ್."

ಸ್ಕ್ರೂಡ್ರೈವರು ಈ ಕಿವಿಯಿಂದ ಆ ಕಿವಿಗೆ ಹೋದದ್ದು, ಹಣೆಯ ಬೆವರು, ಗಡಿಯಾರದ ಕೆಳಗೆ ನಿಂತದ್ದು ಎಲ್ಲ ಒಂದೊಂದೇ ಸಾಹೇಬರ ಕಣ್ಣಮುಂದೆ ಬಂತು. ಮಾವನವರು ತಮಗೆ ಕಿವಿ ಹೋಯಿತೆಂದು ತಿಳಿದು ಕೂತಿದ್ದಾರೆ. ನಿಮ್ಮ ಕಿವಿ ಸರಿಯಾಗಿದೆ ಎಂದು ಹೇಳಿದರೆ, ಅಂದು ಸುಳ್ಳು ಹೇಳಿದಿರಿ ಎಂದು ಮುಖದ ಮೇಲೆ ಹೇಳಿದಂತೆ. ಹೇಳದಿದ್ದರೆ ಆ ಮನುಷ್ಯ ಇನ್ನು ಎದ್ದು ಗ್ಯಾರೇಜಿಗೆ ಹೋಗುವುದಿಲ್ಲ. 'ಹೌದು / ಇಲ್ಲ, ಅನ್ವಯವಾಗದ್ದನ್ನು ಹೊಡೆದುಹಾಕಿ' ಎಂದು ಊರಿಗೆಲ್ಲ ಹೇಳಿಕೊಟ್ಟವರಿಗೆ ಯಾವುದನ್ನು ಹೊಡೆದುಹಾಕಬೇಕೆಂದು ತೋಚಲಿಲ್ಲ.

ಕೊನೆಗೆ ಒಂದೇ ಉಪಾಯ ಹೊಳೆಯಿತು. ಮಾವನವರು ಹತ್ತಿರ ಇರುವಾಗ ಆ ಎಂಜಿನ್ ತಾನಾಗಿ ಏಳಬೇಕು. ನಿಂತ ಗಾಡಿಯಲ್ಲಿ ಆಕ್ಸಿಲರೇಟರು ಒತ್ತಿದರೂ ಏಳುತ್ತದೆ ಎಂದು ಎಂಜಿನಿಯರಮ್ಮ ಹೇಳಿದ್ದರು. ಆದರೆ ಎದುರಿಗೆ ಕಾಂಪೌಂಡ್ ಗೋಡೆ ಇರುವಾಗ ಅಂಥ ಸಾಹಸಕ್ಕೆ ಸಾಹೇಬರ ಕಾಲು ಒಪ್ಪಲಿಲ್ಲ. ಉಳಿದದ್ದು ಬ್ಯಾಟರಿ ಇಳಿಸುವ ದಾರಿ.

ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಕೆಲಸ ಶುರುವಾಯಿತು. ಗಾಳಿಗೆ ಕೂರೋಣ ಬನ್ನಿ ಎಂದು ಮಾವನವರನ್ನು ಅಂಗಳಕ್ಕೆ ಕರೆತಂದು, ಗಾಡಿಯ ಮುಂದೆಯೇ ಸ್ಟೂಲು ಹಾಕಿ ಕೂರಿಸಿದರು. ಕೈಗೆ ಪೇಪರು ಕೊಟ್ಟರು. ಬಾನೆಟ್ ಎತ್ತಿಟ್ಟರು. ಆಮೇಲೆ ಗಾಡಿಯ ಒಳಗೆ ಹೋಗಿ ಏಸಿ ಪೂರ್ತಿ ಹಾಕಿದರು. ಹೆಡ್‌ಲೈಟು, ಒಳಗಿನ ದೀಪ, ವೈಪರು, ರೇಡಿಯೋ, ಸೀಟು ಬಿಸಿ ಮಾಡುವ ಗುಂಡಿ, ನಾಲ್ಕೂ ಕಡೆಯ ಇಂಡಿಕೇಟರು. ನಾಲ್ಕೂ ಬಾಗಿಲು ತೆರೆದಿಟ್ಟರು. ಮಾವನವರು ಪೇಪರಿನ ಮೇಲಿನಿಂದ ಒಂದು ಸಲ ನೋಡಿ ಮತ್ತೆ ಓದತೊಡಗಿದರು. ಅಳಿಯನ ಯಾವ ಕೆಲಸಕ್ಕೂ ಕಾರಣ ಕೇಳುವ ಆಸಕ್ತಿ ಅವರಲ್ಲಿ ಉಳಿದಿರಲಿಲ್ಲ.

ಅರ್ಧ ಗಂಟೆಯಾಯಿತು. ಬ್ಯಾಟರಿಯ ಗೆರೆ ಒಂದೇ ಒಂದು ಇಳಿದಿತ್ತು. ಸ್ಟೇಷನ್ ಮಾಸ್ತರರು ಮಹಡಿಯಿಂದ ಇಣುಕಿ, ಹೊರಡುವ ಸಮಯ ಎಷ್ಟು ಎಂದು ವಿಚಾರಿಸಿದರು. ಹೊರಡುವುದಿಲ್ಲ ಎಂದರು ಸಾಹೇಬರು. ಹೊರಡದ ಗಾಡಿಗೆ ಇಷ್ಟು ದೀಪವನ್ನು ತಾವು ಸರ್ವಿಸ್ಸಿನಲ್ಲಿ ಕಂಡಿಲ್ಲ ಎಂದು ಅವರೂ ಕೆಳಗಿಳಿದು ಬಂದರು. ಹೆಂಡತಿ ಎರಡು ಸಲ ಕಾಫಿ ತಂದರು. ಮೂರನೇ ಸಲ ಕಾಫಿಯ ಬದಲು ತಾವೇ ಬಂದು, ತಲೆ ಕೆಟ್ಟಿದೆಯಾ ನಿಮಗೆ ಎಂದು ಮೆಲ್ಲಗೆ ಕೇಳಿದರು. ಸಾಹೇಬರು ತುಟಿಯ ಮೇಲೆ ಬೆರಳಿಟ್ಟು, ಬೇಡಿಕೊಳ್ಳುವವರಂತೆ ನೋಡಿದರು. ಮಾವನವರು ಪೇಪರು ಮುಗಿಸಿ, ಮಡಿಸಿ, ಇನ್ನು ಒಳಗೆ ಹೋಗುತ್ತೇನೆ ಎಂದು ಎದ್ದರು. ಐದು ನಿಮಿಷ ಮಾವ ಎಂದು ಸಾಹೇಬರು ಅವರ ಕೈಹಿಡಿದರು. ಏನಕ್ಕೆ ಎಂದು ಮಾವನವರು ಕೇಳಿದರೂ ಕೈಯನ್ನಂತೂ ಬಿಡಲಿಲ್ಲ.

ಆಗ ಎಂಜಿನ್ ಎದ್ದಿತು.

ಗುರ್ರ್ ಎಂದು ಒಮ್ಮೆ ಅಲುಗಾಡಿ ಹದವಾಗಿ ಓಡತೊಡಗಿತು. ಸ್ಟೇಷನ್ ಮಾಸ್ತರರು ಒಂದು ಹೆಜ್ಜೆ ಹಿಂದೆ ಹಾರಿದರು. ಮಾವನವರು ಅಳಿಯನ ಕೈ ಕೊಡವಿ ತಿರುಗಿದರು. ಅವರ ಮುಖ ನೋಡಿ ಮಗಳು ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡರು.

"ಮಗಳೇ, ಉದ್ದಂದು ಏನಾದ್ರೂ ಕೊಡು. ಬೇಗ."

ಸ್ಕ್ರೂಡ್ರೈವರು ಗ್ಯಾರೇಜಿನಲ್ಲಿತ್ತು. ಮಗಳು ಅಡುಗೆಮನೆಗೆ ಓಡಿ ಕೈಗೆ ಸಿಕ್ಕಿದ ಉದ್ದ ಹಿಡಿಯ ಸೌಟು ತಂದರು. ಮಾವನವರು ಸೌಟಿನ ಹಿಡಿಯ ತುದಿಯನ್ನು ಎಂಜಿನ್ನಿಗೆ ಒತ್ತಿ, ಬಟ್ಟಲನ್ನು ಕಿವಿಗೆ ಮುಚ್ಚಿಕೊಂಡು ಕಣ್ಣು ಮುಚ್ಚಿದರು. ಯಾರೂ ನಗಲಿಲ್ಲ. ವೈಪರು ಮಾತ್ರ ಆ ಕಡೆ ಈ ಕಡೆ ಆಡುತ್ತಿತ್ತು.

"ಮೂರು ಸಿಲಿಂಡರು" ಎಂದರು ಮಾವನವರು. ಸ್ವಲ್ಪ ತಡೆದು, "ನೀರಿನ ಪಂಪು ಚೆನ್ನಾಗಿದೆ. ಬೆಲ್ಟು ಇನ್ನೂ ಹೊಸದು, ಓಡಿ ಓಡಿ ಜಾಗದಲ್ಲಿ ಕೂರಬೇಕು." ಸೌಟು ಒಂದಿಷ್ಟು ಪಕ್ಕಕ್ಕೆ ಸರಿಯಿತು. "ಟ್ಯಾಪೆಟ್ಟು ಸದ್ದೇ ಇಲ್ಲ. ರೇಷ್ಮೆ ಹಾಗಿದೆ." ಕಣ್ಣು ತೆರೆದಾಗ ಒದ್ದೆಯಾಗಿದ್ದವು. "ಅಳಿಯಂದ್ರೆ, ಆವತ್ತು ಯಾಕೆ ಕೇಳಿಸ್ಲಿಲ್ಲ ನನಗೆ?"

ಸಾಹೇಬರು ಈ ಪ್ರಶ್ನೆಗೆ ಮೂರು ದಿನದಿಂದ ನಾಲ್ಕು ಬಗೆಯ ಉತ್ತರ ತಯಾರು ಮಾಡಿಟ್ಟುಕೊಂಡಿದ್ದರು. ಒಂದೂ ನೆನಪಿಗೆ ಬರಲಿಲ್ಲ.

"ಆವತ್ತು ಎಂಜಿನ್ ಓಡ್ತಾನೇ ಇರ್ಲಿಲ್ಲ ಮಾವ. ನನಗೇ ಗೊತ್ತಿರ್ಲಿಲ್ಲ."

ಮಾವನವರು ಸ್ಟೂಲಿನ ಮೇಲೆ ಕೂತುಬಿಟ್ಟರು. ಸೌಟನ್ನು ತೊಡೆಯ ಮೇಲೆ ಇಟ್ಟುಕೊಂಡರು. ಮೊದಲು ಭುಜ ಅಲುಗಾಡಿತು, ಆಮೇಲೆ ಹೊಟ್ಟೆ, ಆಮೇಲೆ ನಗು ಹೊರಗೆ ಬಂತು. ಮಗಳು ಬಂದು ಪಕ್ಕದಲ್ಲಿ ನಿಂತು ಅಪ್ಪನ ಬೆನ್ನು ಸವರಿದರು. ಹೋದ ತಿಂಗಳು ಗ್ಯಾರೇಜಿನಲ್ಲಿ ಒಂದು ವ್ಯಾನಿನ ಬೇರಿಂಗು ಸದ್ದು ತಮಗಿಂತ ಮೊದಲು ಶಿಷ್ಯನಿಗೆ ಕೇಳಿಸಿತ್ತಂತೆ. ಆಗಿನಿಂದ ಮನಸ್ಸಿನಲ್ಲಿ ಹೆದರಿಕೆ ಇತ್ತಂತೆ. ಹೊಸ ಗಾಡಿಗೆ ಕಿವಿ ಇಟ್ಟಾಗ ಬರೀ ಮೌನ, ಆಯ್ತು, ಮುಗೀತು ಎಂದುಕೊಂಡರಂತೆ. ಅದನ್ನೆಲ್ಲ ಹೇಳುವಾಗ ಅವರು ನಗುತ್ತಲೂ ಇದ್ದರು, ಮೂಗು ಒರೆಸಿಕೊಳ್ಳುತ್ತಲೂ ಇದ್ದರು.

ಇದ್ದಕ್ಕಿದ್ದಂತೆ ನಗು ನಿಲ್ಲಿಸಿ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದರು.

"ನನಗೇನೋ ಕಿವಿ ಹೋಯ್ತು ಅಂತ ಭಯ. ಅದಕ್ಕೆ ಸುಳ್ಳು ಹೇಳ್ದೆ. ನಿಮಗೆಲ್ಲ ಏನಾಗಿತ್ತು?"

ಟೀಚರಮ್ಮ ಸೆರಗಿನ ಅಂಚನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸಿದರು. ಸ್ಟೇಷನ್ ಮಾಸ್ತರರಿಗೆ ಮಹಡಿಯಲ್ಲಿ ನಲ್ಲಿ ತೆರೆದಿಟ್ಟು ಬಂದದ್ದು ಜ್ಞಾಪಕವಾಗಿ, ಆ ವಯಸ್ಸಿಗೆ ಸಲ್ಲದ ವೇಗದಲ್ಲಿ ಮೆಟ್ಟಿಲು ಹತ್ತಿದರು. ಸಾಹೇಬರು ಗಾಡಿಯೊಳಗೆ ನುಗ್ಗಿ, ಬಹಳ ಕೆಲಸವಿದ್ದವರಂತೆ ಒಂದೊಂದೇ ಗುಂಡಿ ಆರಿಸತೊಡಗಿದರು. ವೈಪರು ನಿಂತಿತು. ರೇಡಿಯೋ ನಿಂತಿತು. ಸ್ವಲ್ಪ ಹೊತ್ತಿಗೆ ಬ್ಯಾಟರಿಗೆ ಬೇಕಾದಷ್ಟು ಸಿಕ್ಕಿತೋ ಏನೋ, ಎಂಜಿನ್ನೂ ತಾನಾಗಿ ನಿಂತಿತು.

ಅಂಗಳ ಪೂರ್ತಿ ನಿಶ್ಶಬ್ದವಾಯಿತು. ಮಾವನವರು ಎದ್ದು ಸೌಟನ್ನು ಮತ್ತೆ ಎಂಜಿನ್ನಿಗೆ ಒತ್ತಿ ಕಿವಿಗಿಟ್ಟರು.

"ಅಳಿಯಂದ್ರೆ, ಇಲ್ಲಿ ಬನ್ನಿ. ಈಗ ಏನಾದ್ರೂ ಕೇಳಿಸ್ತಿದೆಯಾ?"

ಸಾಹೇಬರು ಬಂದು ಬಗ್ಗಿದರು. ಈ ಸಲ ಪೂರ್ತಿ ಒಂದು ನಿಮಿಷ ಕಿವಿಗೊಟ್ಟರು. ಟಿಕ್ಕೂ ಇರಲಿಲ್ಲ, ಟಕವೂ ಇರಲಿಲ್ಲ.

"ಇಲ್ಲ ಮಾವ."

"ಸಣ್ಣಗೂ ಇಲ್ವಾ?"

"ಏನೂ ಇಲ್ಲ ಮಾವ."

"ನನಗೂ ಏನೂ ಕೇಳಿಸ್ತಿಲ್ಲ" ಎಂದರು ಕಿವಿ ಮೇಸ್ತ್ರಿಗಳು. ಆ ಮಾತನ್ನು ಅಷ್ಟು ಸಂತೋಷದಿಂದ ಹೇಳಿದವರನ್ನು ಆ ಬೀದಿ ಅದುವರೆಗೆ ಕಂಡಿರಲಿಲ್ಲ.

ಮರುದಿನ ಹತ್ತು ಗಂಟೆಗೆ ಮಾವನವರು ಸ್ಕ್ರೂಡ್ರೈವರು ವಾಪಸ್ಸು ಪಡೆಯಲು ಗ್ಯಾರೇಜಿಗೆ ಹೋದರು, ಹೊಸ ಗಾಡಿಯಲ್ಲಿ, ಮುಂದಿನ ಸೀಟಿನಲ್ಲಿ ಕೂತು. ಅವರನ್ನು ಇಳಿಸಿ ಸಾಹೇಬರು ಶೋರೂಮಿಗೆ ಹೋದರು. ಹತ್ತನೇ ದಿನ ಅದು. ಹೊಸ ಫಾರಂ ಕೇಳಿ ತೆಗೆದುಕೊಂಡು, ಅಲ್ಲೇ ನಿಂತು ತುಂಬಿ ಕೊಟ್ಟರು. ಕೌಂಟರಿನವನು ಮೇಲಿನಿಂದ ಕೆಳಗೆ ಕಣ್ಣಾಡಿಸಿ, ಸರ್, ಒಂಬತ್ತನೇದು ಖಾಲಿ ಬಿಟ್ಟಿದ್ದೀರಿ ಎಂದ.

"ಗೊತ್ತಪ್ಪ" ಎಂದರು ಭರ್ತಿ ಸಾಹೇಬರು. "ಅದು ಹಾಗೇ ಇರ್ಲಿ."